ನೂರ ತೊಂಬತ್ತೈದು

ಬಿಲ್ಲೆ ಕಪ್ಪಾಗಿ ಹೊರಬಂತು.
ಆಮ್ಲದ ತೊಟ್ಟಿಯಿಂದ ಇಕ್ಕಳದಲ್ಲಿ ಎತ್ತಿ
ತೊಳೆದು ಒಣಗಿಸಿ ದೀಪಕ್ಕೆ ಹಿಡಿದೆ:
ಬೆಳಕು ಒಳಗೆ ಹೋಯಿತು, ತಿರುಗಿ ಬರಲಿಲ್ಲ.
ಬೆಳಿಗ್ಗೆ ಇದೇ ಕನ್ನಡಿಯಾಗಿತ್ತು,
ನನ್ನ ಮೂಗಿನ ಮಚ್ಚೆಯನ್ನೂ ಬಿಡದೆ ತೋರಿಸಿತ್ತು.
ಈಗ ಮೈತುಂಬ ಸಿಲಿಕಾನಿನ ಗರಿಕೆ,
ಒಂದು ಕೂದಲ ಅಗಲದಲ್ಲಿ ನೂರಾರು ಎಸಳು.

ದೊಡ್ಡ ಅಣುಗಳಿಗೆ ಹಳೆಯ ದಾರಿಯೊಂದಿದೆ.
ಹರಳಿನ ಪುಡಿಯಲ್ಲಿ ಕಲಸಿ ಲೇಸರ್ ಹೊಡೆದರೆ
ಹರಳೇ ಅವನ್ನು ಹೊತ್ತು ಹಾರುತ್ತದೆ.
ಸಣ್ಣವಕ್ಕೆ ಅದು ಆಗಿಬರದು.
ಅವಿರುವ ಕೇರಿಯಲ್ಲೇ ಹರಳೂ ಕೂಗುತ್ತದೆ,
ಲಾನ್ಸ್ ತಂಡ ಗೆದ್ದ ರಾತ್ರಿ, ಕ್ರೀಡಾಂಗಣದಲ್ಲಿ,
ಪಕ್ಕದ ಮುದುಕ
ನಿನ್ನ ಟೊಪ್ಪಿ ಬಿತ್ತು ಎಂದರೆ ಕೇಳುವುದುಂಟೇ?
ಅದಕ್ಕೇ ಈ ಕರಿ ಹುಲ್ಲು.
ಬೆಳಕು ಕುಡಿಯುತ್ತದೆ, ಕಾಯುತ್ತದೆ,
ಕೂತವರನ್ನು ಗಾಳಿಯಿಲ್ಲದ ಕೊಳವೆಗೆ ಚಿಮ್ಮುತ್ತದೆ;
ತಾನು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ.

ಹಗುರಾದವರು ಮೊದಲು ಮುಟ್ಟುತ್ತಾರೆ.
ಮುಟ್ಟಿದ ಹೊತ್ತೇ ತೂಕ.

ಇದೇ ಸಿಲಿಕಾನ್
ಆಮ್ಲಜನಕ ಕೂಡಿ, ಕಲ್ಲಾಗಿ, ಕಲ್ಲಿನ ಧೂಳಾಗಿ
ನನ್ನ ಅಜ್ಜನ ಎದೆಯಲ್ಲಿ ಇಪ್ಪತ್ತಾರು ವರ್ಷ ಕೂತಿತ್ತು.
ಪೋಲೆಂಡಿನಿಂದ ಗಣಿಗೆ ಬಂದವನು,
ಇಟ್ಟಿಗೆ ಮನೆಗಳ ಸಾಲಿನಲ್ಲಿ
ಅವನ ಕೆಮ್ಮು ಮೂರು ಗೋಡೆ ದಾಟುತ್ತಿತ್ತು.
ಕಂಪನಿಯ ಡಾಕ್ಟರು ಕಿವಿಗೊಟ್ಟು
ಶೇಕಡಾ ಹತ್ತು ಎಂದು ಬರೆದರು.
ಹತ್ತರ ಪಿಂಚಣಿ ಬಂತು. ಉಳಿದ ತೊಂಬತ್ತು
ಅಜ್ಜಿ ಹಾಸಿಗೆಯ ಪಕ್ಕ ಕೂತು ಕೇಳಿದಳು.

ಇರಲಿ. ನವೆಂಬರಿನ ಮೂರನೆಯ ವಾರ,
ಲಿಲ್ ಊರಿನ ಮೇಲೆ ಸೀಸದ ಬಣ್ಣದ ಆಕಾಶ.
ಆಸ್ಪತ್ರೆಯಿಂದ ಹಸುಗೂಸುಗಳ ಹಿಮ್ಮಡಿಯ ರಕ್ತ ಬಂದಿತ್ತು,
ಒಂದೊಂದು ಹನಿ, ಕಾಗದದ ಮೇಲೆ ಒಣಗಿದ್ದು.
ಎಲ್ಲದರಲ್ಲೂ ಒಂದು ಮೊನೆ: ನೂರ ತೊಂಬತ್ತೈದು.
ಏನೂ ಹಾಕದ ಬಿಲ್ಲೆಯಲ್ಲೂ ನೂರ ತೊಂಬತ್ತೈದು.
ಕೆಫೀನ್, ಎಂದಳು ಸೊಲೆನ್,
ಒಂದು ಪ್ರೋಟಾನ್ ಬೆನ್ನಿಗೇರಿಸಿಕೊಂಡ ಕೆಫೀನ್.
ಇಬ್ಬರೂ ನನ್ನ ಕಡೆ ನೋಡಿದರು.

ನಾನು ಕುಡಿಯುವುದು ಚಿಕೋರಿ,
ಅಮ್ಮ ಕುಡಿದದ್ದು, ಅವಳಮ್ಮ ಕುಡಿದದ್ದು;
ಅದರಲ್ಲಿ ಕೆಫೀನ್ ಹುಟ್ಟಿಯೇ ಇಲ್ಲ.
ಸೊಲೆನ್‌ಗೆ ಬಿಸಿನೀರು, ಒಂದು ಚೂರು ಶುಂಠಿ.
ದೆಲಾತ್ರ್ ಸಾಹೇಬರೋ
ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮಾರ್ಚಿನಲ್ಲೇ
ಕಾಫಿ ಬಿಟ್ಟೆ ಎಂದು ಸಭೆಯಲ್ಲಿ ಸಾರಿ
ತಮ್ಮ ನೀಲಿ ಬಟ್ಟಲಲ್ಲಿ ಪೆನ್ನು ನೆಟ್ಟಿದ್ದರು.

ದ್ರಾವಕ ಬದಲಿಸಿದೆವು. ಕೈಗವಸು ಬದಲಿಸಿದೆವು.
ಗಾಳಿಯ ಸೋಸುಪರದೆ ಬಿಚ್ಚಿ
ಎರಡು ದಿನ ಹಾಳುಮಾಡಿದೆವು.
ಶುಕ್ರವಾರ ಬೆಳಗಿನ ಆರಕ್ಕೆ ನಾನೊಬ್ಬಳೇ ಬಂದೆ.
ದೆಲಾತ್ರ್ ಅವರ ಮೇಜಿನ ಮೇಲೆ
ಪೆನ್ನುಗಳು ಬಟ್ಟಲಲ್ಲೇ ನಿಂತಿದ್ದವು,
ಬುಡ ಮಾತ್ರ ಕಂದು, ಇನ್ನೂ ಒದ್ದೆ.

ಆ ಮನುಷ್ಯ ಇರುಳೆಲ್ಲ ಇಲ್ಲಿ ಏನು ಮಾಡುತ್ತಾನೆ,
ಬರಿಗೈಯಲ್ಲಿ ಯಾಕೆ ಬಿಲ್ಲೆ ಮುಟ್ಟುತ್ತಾನೆ,
ಮನೆಗೆ ಯಾಕೆ ಹೋಗುವುದಿಲ್ಲ,
ಯಂತ್ರ ಅದನ್ನು ಹೇಳಲಿಲ್ಲ.
ಅದು ಬೆರಳ ತುದಿಯಷ್ಟನ್ನೇ ಕೇಳಿಸಿಕೊಂಡಿತ್ತು.

ದಾಖಲೆ ಪುಸ್ತಕದಲ್ಲಿ ಬರೆದೆ:
ಕೊಳೆ. ಮೂಲ ತಿಳಿಯದು.
ಸೊಲೆನ್ ಓದಿದಳು, ನನ್ನ ಮುಖ ನೋಡಿದಳು,
ತನ್ನ ಶುಂಠಿ ಚೂರು ಕಚ್ಚಿದಳು.
ಸಂಜೆ ಹೊರಡುವಾಗ ನೀಲಿ ಬಟ್ಟಲ ಪಕ್ಕ
ಚಿಕೋರಿಯ ಒಂದು ಪೊಟ್ಟಣ ಇಟ್ಟೆ,
ಚೀಟಿ ಗೀಟಿ ಏನೂ ಇಲ್ಲ.

ಸೋಮವಾರ ಮೊನೆ ಅರ್ಧಕ್ಕಿಳಿದಿತ್ತು.
ಬುಧವಾರ ಮತ್ತೆ ಏರಿತು.
ಗುರುವಾರ ಹೊಸ ಬಿಲ್ಲೆಗಳನ್ನು ಆಮ್ಲಕ್ಕೆ ಬಿಟ್ಟು
ನಾನೂ ತುಸು ಹೊತ್ತು ಉಳಿದೆ,
ಏಳು, ಎಂಟು, ಒಂಬತ್ತು,
ಓಣಿಯ ಆ ತುದಿಯಲ್ಲಿ
ಯಾರೋ ನೀರು ಕಾಯಿಸುವ ಸದ್ದು ಕೇಳುವ ತನಕ.